ಸೋತದ್ದು ಗಲ್ಲಾಪೆಟ್ಟಿಗೆಯಲ್ಲಿ, ವಿಮರ್ಶೆಯಲ್ಲಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರದ ನಿಮ್ಮ ಸಿನಿಮಾ ಪುರವಣಿಯಲ್ಲಿ ಕೈಯಿಂದ ಬಿಡಿಸಿದ ಅನಿಮೇಷನ್ ಚಿತ್ರಗಳ ಏಳುಬೀಳಿನ ಬಗ್ಗೆ ಬಂದ ದೀರ್ಘ ಲೇಖನವನ್ನು ನಾನು ಎರಡು ಸಲ ಓದಿದೆ. ಕನ್ನಡದಲ್ಲಿ ಈ ವಿಷಯಕ್ಕೆ ಇಷ್ಟು ಜಾಗ ಸಿಗುವುದೇ ಅಪರೂಪ, ಅದಕ್ಕಾಗಿ ಲೇಖಕರಿಗೂ ನಿಮಗೂ ನಾನು ಕೃತಜ್ಞ. ಆದರೆ ಲೇಖನದ ಕೊನೆಯಲ್ಲಿ, ‘ವಿಮರ್ಶಕರೂ ಪ್ರೇಕ್ಷಕರೂ ಕೈಬಿಟ್ಟ ಚಿತ್ರಗಳು’ ಎಂಬ ಉಪಶೀರ್ಷಿಕೆಯ ಕೆಳಗೆ ಕೊಟ್ಟಿರುವ ಪಟ್ಟಿಯಲ್ಲಿ 1999ರ ‘ದಿ ಐರನ್ ಜಯಂಟ್’ ಚಿತ್ರದ ಹೆಸರು ಕಂಡು ಮನಸ್ಸಿಗೆ ನೋವಾಯಿತು. ಪ್ರೇಕ್ಷಕರು ಆ ಚಿತ್ರಕ್ಕೆ ಬರಲಿಲ್ಲ ಎನ್ನುವುದು ನಿಜ. ವಿಮರ್ಶಕರು ಕೈಬಿಟ್ಟರು ಎನ್ನುವುದು ಮಾತ್ರ ನಿಜವಲ್ಲ. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದ್ದರಿಂದ ಒಂದು ಚಿತ್ರಕ್ಕಷ್ಟೇ ಅಲ್ಲ, ಒಂದು ಇಡೀ ಕಲೆಗೆ ಅನ್ಯಾಯವಾಗಿದೆ ಎಂದು ನನಗೆ ಅನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬ್ರ್ಯಾಡ್ ಬರ್ಡ್ ನಿರ್ದೇಶಿಸಿದ, ಇಂಗ್ಲಿಷ್ ಕವಿ ಟೆಡ್ ಹ್ಯೂಸ್ 1968ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕವನ್ನು ಆಧರಿಸಿದ ಈ ಚಿತ್ರವನ್ನು ವಾರ್ನರ್ ಬ್ರದರ್ಸ್ ಸಂಸ್ಥೆ 1999ರ ಆಗಸ್ಟ್ 6ರಂದು ಅಮೆರಿಕದಲ್ಲಿ ಬಿಡುಗಡೆ ಮಾಡಿತು. 5 ಕೋಟಿ ಡಾಲರ್‌ಗೆ ಕಡಿಮೆಯಿಲ್ಲದ ವೆಚ್ಚದಲ್ಲಿ ತಯಾರಾದ ಚಿತ್ರ ತಂದುಕೊಟ್ಟದ್ದು 3 ಕೋಟಿ ಡಾಲರ್‌ಗಿಂತ ತುಸು ಹೆಚ್ಚು. ನಿಮ್ಮ ಲೇಖಕರು ಇಲ್ಲಿಯವರೆಗೆ ಸರಿಯಾಗಿಯೇ ಹೇಳಿದ್ದಾರೆ. ಆದರೆ ಅದೇ ವಾರದ ಅಮೆರಿಕದ ಪತ್ರಿಕೆಗಳಲ್ಲಿ ಚಿತ್ರದ ಬಗ್ಗೆ ಬಂದ ಬರಹಗಳಲ್ಲಿ ಬಹುಪಾಲು ಮೆಚ್ಚುಗೆಯವು. ಅನಿಮೇಷನ್ ವಲಯದವರೇ ಕೊಡುವ ಆ್ಯನಿ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಪ್ರಶಸ್ತಿಯೂ ಸೇರಿ ಒಂಬತ್ತನ್ನು ಅದು ಗೆದ್ದುಕೊಂಡಿತು. ಎರಡೂ ಕಡೆಯವರು ಕೈಬಿಟ್ಟ ಚಿತ್ರದ ಚರಿತ್ರೆ ಹೀಗಿರುವುದಿಲ್ಲ.

ಹಾಗಾದರೆ ಜನ ಏಕೆ ಬರಲಿಲ್ಲ? ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಅದೇ ಸಂಸ್ಥೆಯ ಹಿಂದಿನ ಅನಿಮೇಷನ್ ಚಿತ್ರ 1998ರಲ್ಲಿ ನೆಲಕಚ್ಚಿತ್ತು. ಆ ಪೆಟ್ಟಿನಿಂದ ಸಂಸ್ಥೆಗೆ ತನ್ನ ಅನಿಮೇಷನ್ ವಿಭಾಗದ ಮೇಲಿನ ನಂಬಿಕೆಯೇ ಹೊರಟುಹೋಗಿತ್ತು. ಬಿಡುಗಡೆಯ ದಿನಾಂಕ ತಡವಾಗಿ ಗೊತ್ತಾಯಿತು. ಮಕ್ಕಳ ಚಿತ್ರವೊಂದು ತೆರೆಗೆ ಬರುವ ಮೊದಲು ತಿಂಗಳುಗಟ್ಟಲೆ ನಡೆಯಬೇಕಾದ ಪ್ರಚಾರ, ಆಟಿಕೆ, ಭಿತ್ತಿಪತ್ರ ಯಾವುದೂ ಸಾಕಷ್ಟು ಆಗಲಿಲ್ಲ. ಅದೇ ಶುಕ್ರವಾರ ‘ದಿ ಸಿಕ್ಸ್ತ್ ಸೆನ್ಸ್’ ಕೂಡ ತೆರೆಗೆ ಬಂದು ಊರೆಲ್ಲ ಅದರ ಮಾತೇ ಆಯಿತು. ಚಿತ್ರ ಇದೆ ಎಂದೇ ಗೊತ್ತಿಲ್ಲದವರು ಅದನ್ನು ತಿರಸ್ಕರಿಸಿದರು ಎಂದು ಬರೆಯುವುದು ಹೇಗೆ?

‘ಕಂಪ್ಯೂಟರ್ ಬಂದ ಮೇಲೆ ಜನರಿಗೆ ಕೈಚಿತ್ರಗಳ ಮೇಲಿನ ಆಸೆ ಹೋಯಿತು’ ಎಂದು ಲೇಖನದಲ್ಲಿ ಕೊಟ್ಟಿರುವ ಕಾರಣವೂ ಈ ಚಿತ್ರಕ್ಕೆ ಹೊಂದುವುದಿಲ್ಲ. ಇಡೀ ಚಿತ್ರವನ್ನೇ ಕಂಪ್ಯೂಟರಿನಲ್ಲಿ ರೂಪಿಸಿದ ಮೊದಲ ಕಥಾಚಿತ್ರ ‘ಟಾಯ್ ಸ್ಟೋರಿ’ 1995ರಲ್ಲೇ ಬಂದಿತ್ತು ಎನ್ನುವುದು ಸರಿ. ಆದರೆ 1999ರ ಅದೇ ಬೇಸಿಗೆಯಲ್ಲಿ, ಕೆಲವೇ ವಾರ ಮೊದಲು ಬಂದ ಡಿಸ್ನಿಯ ‘ಟಾರ್ಜನ್’ ಕೂಡ ಕೈಯಿಂದ ಬಿಡಿಸಿದ ಚಿತ್ರವೇ. ಅದು ಜಗತ್ತಿನಾದ್ಯಂತ 40 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಪೆನ್ಸಿಲಿನ ಗೆರೆಯನ್ನು ಕಂಡರೆ ಬೇಸರಪಡುವ ಪ್ರೇಕ್ಷಕ ಜೂನ್ ತಿಂಗಳಲ್ಲಿ ಒಂದು ಚಿತ್ರಕ್ಕೆ ಮುಗಿಬಿದ್ದು ಆಗಸ್ಟ್‌ನಲ್ಲಿ ಇನ್ನೊಂದಕ್ಕೆ ಬೆನ್ನು ತಿರುಗಿಸುತ್ತಾನೆಯೇ? ಮಾರಾಟದ ತಪ್ಪನ್ನು ತಂದು ಗೆರೆಯ ತಲೆಗೆ ಕಟ್ಟಿದ್ದು ಆ ಕಾಲದ ದೊಡ್ಡ ಸಂಸ್ಥೆಗಳು. ಕಾಲು ಶತಮಾನ ಕಳೆದ ಮೇಲೂ ನಾವು ಅದನ್ನೇ ನಂಬಿಕೊಂಡು ಬರೆಯಬೇಕಾಗಿಲ್ಲ.

ಇಷ್ಟೆಲ್ಲ ಹೇಳುವ ಅಧಿಕಾರ ನನಗೇನಿದೆ ಎಂದು ನೀವು ಕೇಳಬಹುದು. ನಾನು ವಿಮರ್ಶಕನಲ್ಲ. ಅನಿಮೇಷನ್ ಸಂಸ್ಥೆಯೊಂದರಲ್ಲಿ ಕೆಲವು ವರ್ಷ ಇನ್‌ಬಿಟ್ವೀನರ್ ಆಗಿ ದುಡಿದವನು. ಚಲನೆಯ ಮುಖ್ಯ ಘಟ್ಟಗಳ ಚಿತ್ರಗಳನ್ನು, ಅಂದರೆ ಕೀ ಡ್ರಾಯಿಂಗ್‌ಗಳನ್ನು, ಹಿರಿಯ ಕಲಾವಿದರು ಬರೆದುಕೊಡುತ್ತಿದ್ದರು. ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳು ನಮ್ಮ ಪಾಲಿಗೆ ಬರುತ್ತಿದ್ದವು. ಕೆಳಗಿನಿಂದ ಬೆಳಕು ಬೀಳುವ ಮೇಜಿನ ಮೇಲೆ ಹಾಳೆಗಳನ್ನು, ಅವು ಅಲುಗದಂತೆ ಹಿಡಿಯುವ ಪುಟ್ಟ ಗೂಟಕ್ಕೆ, ಅಂದರೆ ಪೆಗ್‌ಗೆ ಸಿಕ್ಕಿಸಿ, ಎಡಗೈಯ ಬೆರಳುಗಳ ಸಂದಿಯಲ್ಲಿ ನಾಲ್ಕೈದು ಹಾಳೆ ಹಿಡಿದು ಪಟಪಟನೆ ಮಗುಚುತ್ತಾ ಬಲಗೈಯಿಂದ ಬರೆಯಬೇಕು. ಮಗುಚಿದಾಗ ಚಿತ್ರ ನಡುಗಬಾರದು, ಹಾರಬಾರದು. ಸೇರಿದ ಹೊಸದರಲ್ಲಿ, ಒಬ್ಬಾಕೆ ಮೇಜಿನ ಮೇಲಿನ ಲೋಟವನ್ನು ಎತ್ತಿಕೊಳ್ಳುವ ದೃಶ್ಯದ ಹನ್ನೊಂದು ಚಿತ್ರಗಳನ್ನು ನಾನು ಎರಡು ದಿನ ಕೂತು ಮುಗಿಸಿ ಒಪ್ಪಿಸಿದೆ. ಹಿರಿಯರು ಒಮ್ಮೆ ಮಗುಚಿ ನೋಡಿ, ‘ಈ ಲೋಟ ತುಂಬಿದೆಯೋ ಖಾಲಿಯಿದೆಯೋ ಹೇಳು ನೋಡೋಣ’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಗೆರೆಯೆಲ್ಲ ಸರಿಯಾಗಿತ್ತು, ಲೋಟದ ಆಕಾರವೂ ಕೆಟ್ಟಿರಲಿಲ್ಲ. ಆದರೆ ಎತ್ತುವ ಮೊದಲು ಮಣಿಕಟ್ಟು ಚೂರು ಕುಸಿಯಬೇಕಿತ್ತು, ಹೆಗಲು ಅದರ ಹಿಂದೆಯೇ ಏಳಬೇಕಿತ್ತು. ಹನ್ನೊಂದನ್ನೂ ಮತ್ತೆ ಬರೆದೆ. ಅಂದಿನಿಂದ ನಾನು ಯಾವ ಅನಿಮೇಷನ್ ಚಿತ್ರ ನೋಡಿದರೂ ಮೊದಲು ಕಣ್ಣು ಹೋಗುವುದು ಮಣಿಕಟ್ಟಿನ ಕಡೆಗೆ.

ಆ ಕಣ್ಣಿನಿಂದ ‘ದಿ ಐರನ್ ಜಯಂಟ್’ ಚಿತ್ರವನ್ನು ನೋಡಬೇಕು. 86 ನಿಮಿಷದ ಚಿತ್ರವದು. ಸೆಕೆಂಡಿಗೆ 24 ಫ್ರೇಮಿನಂತೆ ಲೆಕ್ಕ ಹಾಕಿದರೆ 1,23,840 ಫ್ರೇಮ್. ಒಂದೇ ಚಿತ್ರವನ್ನು ಎರಡೆರಡು ಫ್ರೇಮಿಗೆ ನಿಲ್ಲಿಸುವ ರೂಢಿಯಿದೆ ಎಂದಿಟ್ಟುಕೊಂಡರೂ, ಒಂದೇ ಚೌಕಟ್ಟಿನೊಳಗೆ ನಾಲ್ಕು ಜನರಿದ್ದರೆ ನಾಲ್ವರನ್ನೂ ಬೇರೆಬೇರೆಯಾಗಿ ಬರೆಯಬೇಕಾಗುವುದರಿಂದ ಹಾಳೆಗಳ ರಾಶಿ ಬೆಳೆಯುತ್ತಲೇ ಹೋಗುತ್ತದೆ. 1957ರ ಅಕ್ಟೋಬರ್, ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿ ಅಮೆರಿಕದಲ್ಲೆಲ್ಲ ಭಯ ಹರಡಿದ್ದ ಹೊತ್ತು. ಮೇಯ್ನ್ ರಾಜ್ಯದ ಒಂದು ಕಲ್ಪಿತ ಪುಟ್ಟ ಪಟ್ಟಣಕ್ಕೆ ಆಕಾಶದಿಂದ ಕಬ್ಬಿಣದ ದೈತ್ಯನೊಬ್ಬ ಬಂದು ಬೀಳುತ್ತಾನೆ, ಹೋಗಾರ್ಥ್ ಎಂಬ ಹುಡುಗ ಅವನನ್ನು ಬಚ್ಚಿಡುತ್ತಾನೆ. ಆ ಹುಡುಗ ಗುಜರಿ ಅಂಗಳದ ಗೆಳೆಯ ಡೀನ್ ಕೊಟ್ಟ ಗಟ್ಟಿ ಕಾಫಿ ಕುಡಿದು ಒಂದೇ ಉಸಿರಿನಲ್ಲಿ ತನ್ನ ಶಾಲೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುವ ದೃಶ್ಯವಿದೆ. ಮಾತು ಹುಡುಗನಿಗಿಂತ ಮುಂದೆ ಓಡುತ್ತದೆ, ಕೈಗಳು ಮಾತಿನ ಹಿಂದೆ ಓಡುತ್ತವೆ, ಮುಖ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಧ್ವನಿ ಕೊಟ್ಟ ಬಾಲಕನ ಪಾಲು ಅದರಲ್ಲಿ ಅರ್ಧ. ಉಳಿದರ್ಧ ಮೇಜಿನ ಮುಂದೆ ಕುಳಿತ ಕಲಾವಿದನದು. ಕಾಫಿಯ ಹುರುಪನ್ನು ಕಾಗದದ ಮೇಲೆ ನಟಿಸಿದವನು ಅವನು.

ಇದಕ್ಕಿಂತ ಕಷ್ಟದ ಕೆಲಸ ದೈತ್ಯನದು. ಮನೆಗಿಂತ ಎತ್ತರದ ಲೋಹದ ಮೈಯನ್ನು, ಅದು ತಿರುಗಿದಾಗಲೆಲ್ಲ ಅಳತೆ ಕೆಡದಂತೆ ಕೈಯಿಂದ ಬರೆಯುವುದು ಅಸಾಧ್ಯಕ್ಕೆ ಹತ್ತಿರದ ಮಾತಾದ್ದರಿಂದ ದೈತ್ಯನನ್ನು ಕಂಪ್ಯೂಟರಿನಲ್ಲಿ ರೂಪಿಸಿದರು. ಆದರೆ ಕಂಪ್ಯೂಟರಿನ ಗೆರೆ ನಿಖರವಾದ ಗೆರೆ. ಪೆನ್ಸಿಲಿನಲ್ಲಿ ಬರೆದ ಹುಡುಗನ ಪಕ್ಕದಲ್ಲಿ ಅದು ಅನ್ಯನಂತೆ ಎದ್ದು ಕಾಣುತ್ತಿತ್ತು. ಅದಕ್ಕಾಗಿ ದೈತ್ಯನ ಗೆರೆಗಳನ್ನು ಬೇಕೆಂದೇ ಒಂದಿಷ್ಟು ಅಲುಗಾಡಿಸುವ ಪ್ರೋಗ್ರಾಮ್ ಬರೆದರು, ಮನುಷ್ಯನ ಕೈ ಬರೆದಾಗ ಆಗುವ ಹಾಗೆ. ಹೊಸ ಯಂತ್ರಕ್ಕೆ ಹಳೆಯ ಕೈಯ ಗುಣವನ್ನು ಕಲಿಸಿದ ಆ ಚಿತ್ರವನ್ನು ‘ಕಾಲಕ್ಕೆ ಹೊಂದಿಕೊಳ್ಳದೆ ಹಿಂದುಳಿದ ಚಿತ್ರಗಳ’ ಸಾಲಿನಲ್ಲಿ ನಿಲ್ಲಿಸಿದ್ದಾರೆ ನಿಮ್ಮ ಲೇಖಕರು.

ಕಾಡಿನಲ್ಲಿ ಬೇಟೆಗಾರರ ಗುಂಡಿಗೆ ಸತ್ತ ಜಿಂಕೆಯ ಮುಂದೆ ದೈತ್ಯ ಕೂತಿರುವ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅವನ ಬಳಿ ಮಾತು ಬಹಳ ಕಡಿಮೆ. ಮುಖದಲ್ಲಿ ಚರ್ಮವಿಲ್ಲ, ಹುಬ್ಬಿಲ್ಲ, ತುಟಿಯಿಲ್ಲ. ಎರಡು ದೀಪದಂಥ ಕಣ್ಣು, ಅವುಗಳನ್ನು ಮುಚ್ಚಿ ತೆರೆಯುವ ತಗಡಿನ ರೆಪ್ಪೆ, ಕೆಳಗೊಂದು ದವಡೆ, ಇಷ್ಟೇ. ಆ ರೆಪ್ಪೆ ಎಷ್ಟು ಇಳಿಯಬೇಕು, ಎಷ್ಟು ಹೊತ್ತು ನಿಲ್ಲಬೇಕು, ತಲೆ ಯಾವ ಕಡೆಗೆ ವಾಲಬೇಕು ಎನ್ನುವುದರಲ್ಲೇ ಸಾವನ್ನು ಮೊದಲ ಸಲ ಕಂಡ ಮಗುವಿನ ದಿಗಿಲು ಕಾಣಿಸುತ್ತದೆ. ಬಂದೂಕಿಗೆ ಆತ್ಮವಿದ್ದು, ಬಂದೂಕಾಗಿ ಇರಲಾರೆ ಎಂದು ಅದಕ್ಕೆ ಅನಿಸಿದರೆ ಏನಾಗುತ್ತದೆ ಎಂಬ ಒಂದು ಪ್ರಶ್ನೆಯಿಂದ ಬರ್ಡ್ ಈ ಚಿತ್ರವನ್ನು ಕಟ್ಟಿದವರು. ಆ ಪ್ರಶ್ನೆ ಮಾತಿನಲ್ಲಿ ಬರುವ ಮೊದಲೇ ಈ ತಗಡಿನ ರೆಪ್ಪೆಯಲ್ಲಿ ಬಂದುಬಿಟ್ಟಿರುತ್ತದೆ.

ಇಲ್ಲಿ ವಿಮರ್ಶಕರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅವರು ಆ ಚಿತ್ರವನ್ನು ಮೆಚ್ಚಿದರು ಎಂದೆ. ಆದರೆ ಯಾವುದನ್ನು ಮೆಚ್ಚಿದರು ಎಂದು ನೋಡಿದರೆ, ನಾನು ಹುಡುಕಿ ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಕಥೆಯನ್ನು, ಯುದ್ಧದ ವಿರುದ್ಧದ ದನಿಯನ್ನು, ಹುಡುಗ ಮತ್ತು ದೈತ್ಯನ ಸ್ನೇಹವನ್ನು ಮೆಚ್ಚಿದವು. ಅವೆಲ್ಲ ಮೆಚ್ಚತಕ್ಕವೇ. ಚಿತ್ರ ಬರೆದವರ ಪಾಲಿಗೆ ಮಾತ್ರ ‘ಸುಂದರ ಅನಿಮೇಷನ್’ ಎಂಬ ಎರಡು ಪದ ಬಿದ್ದವು. ನಟರಿರುವ ಚಿತ್ರದ ವಿಮರ್ಶೆಯಲ್ಲಿ ನಟನ ಕಣ್ಣು, ನಡಿಗೆ, ಮೌನಗಳ ಬಗ್ಗೆ ಒಂದು ಪೂರ್ತಿ ಪ್ಯಾರಾ ಬರುತ್ತದೆ. ಕೈಚಿತ್ರದಲ್ಲಿ ನಟಿಸುವವನು ಪೆನ್ಸಿಲ್ ಹಿಡಿದವನು ಎನ್ನುವುದು ನೆನಪಾಗದೆ ಹೋಗುವುದರಿಂದ, ಆ ಪ್ಯಾರಾ ಧ್ವನಿ ಕೊಟ್ಟ ತಾರೆಯರಿಗೆ ಸಂದುಬಿಡುತ್ತದೆ. ನಿಮ್ಮ ಪತ್ರಿಕೆಯಲ್ಲಿ ಬರುವ ಅನಿಮೇಷನ್ ಚಿತ್ರಗಳ ವಿಮರ್ಶೆಗಳೂ ಇದಕ್ಕೆ ಹೊರತಲ್ಲ ಎಂದು ಗೌರವದಿಂದಲೇ ಹೇಳುತ್ತೇನೆ. ‘ಮಕ್ಕಳಿಗೆ ಇಷ್ಟವಾಗುತ್ತದೆ, ದೊಡ್ಡವರೂ ಒಮ್ಮೆ ನೋಡಬಹುದು’ ಎಂಬ ಒಂದು ವಾಕ್ಯ ಎಷ್ಟು ಚಿತ್ರಗಳ ಕೊನೆಯಲ್ಲಿ ಬಂದಿದೆ!

‘ಕೌಟುಂಬಿಕ ಚಿತ್ರ’ ಎಂಬ ಹೆಸರೇ ಇದಕ್ಕೆ ಒಂದು ಮಟ್ಟಿಗೆ ಕಾರಣವಿರಬಹುದು. ಮನೆಮಂದಿಯೆಲ್ಲ ಕೂತು ನೋಡುವ ಚಿತ್ರವೆಂದರೆ ಯಾರಿಗೂ ಮುಜುಗರವಾಗದ ಚಿತ್ರ ಎಂದಷ್ಟೇ ನಾವು ಅರ್ಥ ಮಾಡಿಕೊಂಡಿದ್ದೇವೆ. ಆರು ವರ್ಷದವರಿಗೂ ಅರವತ್ತರವರಿಗೂ ಒಟ್ಟಿಗೇ ತಲುಪುವಂತೆ ಒಂದು ದೃಶ್ಯವನ್ನು ಕಟ್ಟುವುದು ಎಷ್ಟು ಕಠಿಣ ಎನ್ನುವ ಕಡೆಗೆ ಗಮನ ಹೋಗುವುದಿಲ್ಲ.

ಹಾಗೆ ನೋಡಿದ ವಿಮರ್ಶಕರು ಇಲ್ಲವೆಂದಲ್ಲ. ಜಪಾನಿನ ಅನಿಮೇಷನ್ ನಿರ್ದೇಶಕ ಹಯಾವೊ ಮಿಯಾಝಾಕಿ ಅವರ ‘ಮೈ ನೇಬರ್ ಟೊಟೊರೊ’ 1988ರ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದಾಗ ಚಿತ್ರಮಂದಿರದ ಗಳಿಕೆ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಯುದ್ಧಕಾಲದ ಇಬ್ಬರು ಅನಾಥ ಮಕ್ಕಳ ಸಾವಿನ ಕಥೆಯ ಜೊತೆಗೆ ಜೋಡಿ ಪ್ರದರ್ಶನವಾಗಿ ಅದನ್ನು ತೆರೆಗೆ ತಂದಿದ್ದರು. ಆದರೂ ಅಲ್ಲಿನ ಹಳೆಯ, ಗೌರವಾನ್ವಿತ ಸಿನಿಮಾ ಪತ್ರಿಕೆ ‘ಕಿನೆಮಾ ಜುಂಪೊ’ ಆ ವರ್ಷದ ಜಪಾನಿ ಚಿತ್ರಗಳಲ್ಲೆಲ್ಲ ಅದನ್ನೇ ಮೊದಲ ಸ್ಥಾನದಲ್ಲಿ ಕೂರಿಸಿತು. ಅನಿಮೇಷನ್ ಚಿತ್ರಗಳ ಪೈಕಿ ಮೊದಲನೆಯದು ಎಂದಲ್ಲ, ಎಲ್ಲ ಚಿತ್ರಗಳ ಪೈಕಿ. ಮಳೆಯ ರಾತ್ರಿ ಬಸ್ ನಿಲ್ದಾಣದಲ್ಲಿ ತಂಗಿಯನ್ನು ಬೆನ್ನಿಗೆ ಹೊತ್ತು ಕೊಡೆ ಹಿಡಿದು ಅಪ್ಪನಿಗಾಗಿ ಕಾಯುವ ಹುಡುಗಿಯ ಪಕ್ಕಕ್ಕೆ, ತಲೆಯ ಮೇಲೊಂದು ಎಲೆ ಇಟ್ಟುಕೊಂಡ ದೊಡ್ಡ ಪ್ರಾಣಿ ಬಂದು ನಿಲ್ಲುತ್ತದೆ. ಬಹಳ ಹೊತ್ತು ಏನೂ ನಡೆಯುವುದಿಲ್ಲ. ಕೊಡೆಯ ಮೇಲೆ ಹನಿ ಬೀಳುವ ಸದ್ದು ಕೇಳುತ್ತದೆ, ಅಷ್ಟೇ. ಚಲನೆಯನ್ನೇ ನಂಬಿ ಬದುಕುವ ಕಲೆ ಚಲನೆಯನ್ನು ಬಿಟ್ಟುಕೊಟ್ಟು ಕಾಯುವ ಧೈರ್ಯ ಮಾಡಿದೆ ಎಂದು ಗುರುತಿಸಬೇಕಾದವನು ವಿಮರ್ಶಕ. ಜನ ಆ ಚಿತ್ರವನ್ನು ಮನೆಗೆ ಕರೆದುಕೊಂಡದ್ದು ಆಮೇಲೆ, ಟಿವಿಯ ಮೂಲಕ ಮತ್ತು ಗೊಂಬೆಗಳ ಮೂಲಕ.

ವಿಮರ್ಶಕರೇ ಎಡವಿದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಟ್ಟರೆ ನನ್ನ ವಾದ ಪ್ರಾಮಾಣಿಕವಾಗುವುದಿಲ್ಲ. 1959ರ ಡಿಸ್ನಿ ಚಿತ್ರ ‘ಸ್ಲೀಪಿಂಗ್ ಬ್ಯೂಟಿ’ಗೆ 60 ಲಕ್ಷ ಡಾಲರ್ ಖರ್ಚಾಗಿತ್ತು, ಆ ಕಾಲಕ್ಕೆ ಅದು ಭಾರಿ ಮೊತ್ತ. ಐವಿಂಡ್ ಅರ್ಲ್ ಎಂಬ ಕಲಾವಿದರು ಮಧ್ಯಯುಗದ ಯುರೋಪಿನ ಚಿತ್ರಕಲೆಯ ಗುಂಗಿನಲ್ಲಿ ಅದರ ಹಿನ್ನೆಲೆಗಳನ್ನು ಬರೆದಿದ್ದರು: ನೆಟ್ಟಗೆ ನಿಂತ ಮರಗಳು, ಚೌಕವಾಗಿ ಕತ್ತರಿಸಿದಂಥ ಪೊದೆಗಳು, ಹತ್ತಿರದ್ದಕ್ಕೂ ದೂರದ್ದಕ್ಕೂ ಒಂದೇ ಸ್ಪಷ್ಟತೆಯ ಎಲೆಎಲೆ. ಆಗಿನ ಹಲವು ವಿಮರ್ಶಕರಿಗೆ ಅದು ತಣ್ಣಗಿನ ಚಿತ್ರವಾಗಿ, ಡಿಸ್ನಿಯದೇ 1937ರ ಹಿಮಕನ್ಯೆಯ (ಸ್ನೋ ವೈಟ್) ಕಥೆಯ ಪುನರಾವರ್ತನೆಯಾಗಿ ಕಂಡಿತು. ಮೊದಲ ಬಿಡುಗಡೆಯಲ್ಲಿ ನಷ್ಟವೂ ಆಯಿತು. ಮುಂದಿನ ಚಿತ್ರಕ್ಕೆ ಸಂಸ್ಥೆ ಜೆರಾಕ್ಸ್ ವಿಧಾನ ಹಿಡಿಯಿತು. ಪೆನ್ಸಿಲ್ ಚಿತ್ರವನ್ನು ನೇರವಾಗಿ ಪಾರದರ್ಶಕ ಹಾಳೆಗೆ, ಅಂದರೆ ಸೆಲ್‌ಗೆ, ಅಚ್ಚು ತೆಗೆಯತೊಡಗಿದರು. ಒಂದೊಂದು ಗೆರೆಯನ್ನೂ ಬಣ್ಣದ ಶಾಯಿಯಲ್ಲಿ ಕೈಯಿಂದ ತಿದ್ದುತ್ತಿದ್ದ ಮಹಿಳೆಯರ ದೊಡ್ಡ ವಿಭಾಗದ ಕೆಲಸ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಇದಕ್ಕೆ ಖರ್ಚು ಮುಖ್ಯ ಕಾರಣ ಎನ್ನುವುದು ನಿಜ. ಆದರೂ, ಆ ಹಿನ್ನೆಲೆಗಳನ್ನು ಚಿತ್ರಕಲೆಯೆಂದು ನೋಡಿ ಬರೆದ ವಿಮರ್ಶೆಗಳು ಆ ಹೊತ್ತಿಗೆ ಹೆಚ್ಚು ಬಂದಿದ್ದರೆ ಆ ಕೆಲಸದ ಪರವಾಗಿ ನಿಲ್ಲುವ ದನಿಯಾದರೂ ಇರುತ್ತಿತ್ತು. 2019ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಸಂರಕ್ಷಿಸಿಡಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ‘ಸ್ಲೀಪಿಂಗ್ ಬ್ಯೂಟಿ’ಯನ್ನು ಸೇರಿಸಿತು. ಅರವತ್ತು ವರ್ಷ ಬೇಕಾಯಿತು.

ನಿಮ್ಮ ಪಟ್ಟಿಯಲ್ಲಿರುವ ಇನ್ನೆರಡು ಹೆಸರುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2009ರ ‘ದಿ ಪ್ರಿನ್ಸೆಸ್ ಅಂಡ್ ದಿ ಫ್ರಾಗ್’ ಚಿತ್ರಕ್ಕೆ ವಿಮರ್ಶೆಗಳು ಚೆನ್ನಾಗಿಯೇ ಬಂದವು. ಅದು ವ್ಯಾಪಕವಾಗಿ ತೆರೆಕಂಡ ಒಂದೇ ವಾರಕ್ಕೆ ‘ಅವತಾರ್’ ಬಂತು. ‘ವಿನ್ನಿ ದ ಪೂ’ 2011ರ ಜುಲೈ 15ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು, ಹ್ಯಾರಿ ಪಾಟರ್ ಸರಣಿಯ ಕೊನೆಯ ಚಿತ್ರ ಬಿಡುಗಡೆಯಾದ ದಿನವೇ. ಅದನ್ನೂ ವಿಮರ್ಶಕರು ಮೆಚ್ಚಿದ್ದರು. ಇವೆರಡೂ ‘ವಿಮರ್ಶಕರು ಕೈಬಿಟ್ಟವು’ ಎಂಬ ಶೀರ್ಷಿಕೆಯ ಕೆಳಗೆ ಬರುವಂಥವಲ್ಲ.

ಪ್ರಶಸ್ತಿಗಳ ವಿಚಾರವನ್ನೂ ಲೇಖಕರು ಎತ್ತಿದ್ದಾರೆ, ‘ಐರನ್ ಜಯಂಟ್‌ಗೆ ಆಸ್ಕರ್ ಕೂಡ ಸಿಗಲಿಲ್ಲ’ ಎಂದು ಬರೆದಿದ್ದಾರೆ. ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಕೊಡುವ ಪದ್ಧತಿ ಶುರುವಾದದ್ದೇ 2001ರ ಚಿತ್ರಗಳಿಂದ. ಮೊದಲ ಪ್ರಶಸ್ತಿ ‘ಶ್ರೆಕ್’ ಚಿತ್ರಕ್ಕೆ 2002ರ ಸಮಾರಂಭದಲ್ಲಿ ಸಂದಿತು. 1999ರ ಚಿತ್ರಕ್ಕೆ ಇಲ್ಲದ ಪ್ರಶಸ್ತಿ ಸಿಗುವುದು ಹೇಗೆ? 2002ರಿಂದ 2024ರವರೆಗೆ ಕೊಟ್ಟ ಅಂಥ 23 ಪ್ರಶಸ್ತಿಗಳಲ್ಲಿ ಕೈಯಿಂದ ಬಿಡಿಸಿದ ಚಿತ್ರಗಳಿಗೆ ಸಂದವು ಎರಡು ಮಾತ್ರ: 2003ರಲ್ಲಿ ‘ಸ್ಪಿರಿಟೆಡ್ ಅವೇ’, 2024ರಲ್ಲಿ ‘ದಿ ಬಾಯ್ ಅಂಡ್ ದಿ ಹೆರನ್’. ಎರಡೂ ಮಿಯಾಝಾಕಿ ಅವರವೇ. ಐರ್ಲೆಂಡಿನ ಕಾರ್ಟೂನ್ ಸಲೂನ್ ಸಂಸ್ಥೆಯ ‘ದಿ ಸೀಕ್ರೆಟ್ ಆಫ್ ಕೆಲ್ಸ್’, ‘ಸಾಂಗ್ ಆಫ್ ದಿ ಸೀ’, ‘ವುಲ್ಫ್‌ವಾಕರ್ಸ್’ ಮೂರೂ ನಾಮನಿರ್ದೇಶನದವರೆಗೆ ಬಂದು ಬರಿಗೈಯಲ್ಲಿ ಮರಳಿದವು. ಪ್ರಶಸ್ತಿಯನ್ನು ಅಳತೆಗೋಲಾಗಿ ಹಿಡಿಯುವವರು ಆ ಅಳತೆಗೋಲು ಯಾವ ಕಡೆಗೆ ವಾಲಿದೆ ಎಂದೂ ನೋಡಬೇಕು.

‘ದಿ ಐರನ್ ಜಯಂಟ್’ ಆಮೇಲೆ ಸತ್ತುಹೋಗಲಿಲ್ಲ. ವಿಡಿಯೊ ಕ್ಯಾಸೆಟ್ಟು, ಡಿವಿಡಿ, ಟಿವಿಗಳ ಮೂಲಕ ಮನೆಮನೆ ಸೇರಿತು. 2015ರಲ್ಲಿ ಎರಡು ಚಿಕ್ಕ ದೃಶ್ಯಗಳನ್ನು ಸೇರಿಸಿ ಅದನ್ನು ಮತ್ತೆ ಚಿತ್ರಮಂದಿರಗಳಿಗೆ ತಂದರು. ಮೊದಲ ಸಲ ಬಂದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಅದನ್ನು ದೊಡ್ಡ ಪರದೆಯ ಮೇಲೆ ನೋಡಿದರು. ಬರ್ಡ್ ಅವರ ಮುಂದಿನ ಎರಡು ಅನಿಮೇಷನ್ ಚಿತ್ರಗಳು ಆಸ್ಕರ್ ಪಡೆದವು. ಅವು ಕಂಪ್ಯೂಟರ್ ಚಿತ್ರಗಳು. ಕೈಚಿತ್ರದಲ್ಲಿ ಅಂಥ ಕೆಲಸ ಮಾಡಿ ತೋರಿಸಿದವರಿಗೆ ಮತ್ತೊಂದು ಕೈಚಿತ್ರ ಮಾಡುವ ಅವಕಾಶ ಒದಗಲಿಲ್ಲ ಎನ್ನುವುದು ನನ್ನಂಥವರಿಗೆ ಇಂದಿಗೂ ಆರದ ನೋವು.

ತಮ್ಮಲ್ಲಿ ನನ್ನ ಎರಡು ಬೇಡಿಕೆಗಳಿವೆ. ಮೊದಲನೆಯದು, ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ, ಆ ಉಪಶೀರ್ಷಿಕೆಯಿಂದ ಈ ಮೂರು ಚಿತ್ರಗಳ ಹೆಸರನ್ನು ಬೇರ್ಪಡಿಸಬೇಕು. ಎರಡನೆಯದು ತುಸು ದೊಡ್ಡದು. ಮುಂದೆ ಕೈಯಿಂದ ಬಿಡಿಸಿದ ಚಿತ್ರವೊಂದು ಬಂದಾಗ, ಅದನ್ನು ನೋಡಲು ಹೋಗುವ ನಿಮ್ಮ ವಿಮರ್ಶಕರಿಗೆ ಒಂದು ಮಾತು ಹೇಳಿ ಕಳುಹಿಸಿ: ಒಂದು ದೃಶ್ಯವನ್ನಾದರೂ ಆರಿಸಿಕೊಂಡು, ಅದರಲ್ಲಿನ ಪಾತ್ರದ ಕೈ ಹೇಗೆ ಏಳುತ್ತದೆ, ಕಣ್ಣು ಯಾವಾಗ ಮುಚ್ಚುತ್ತದೆ, ಹಿಂದಿನ ಮರ ಯಾವ ಬಣ್ಣದಲ್ಲಿದೆ ಎಂದು ಬರೆಯಲಿ. ಚಿತ್ರ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದೇ ಬರೆಯಲಿ, ನಮಗೆ ಬೇಸರವಿಲ್ಲ. ಲೋಟ ತುಂಬಿರುವಂತೆ ಕಾಣಲಿಲ್ಲ ಎಂದು ಹೇಳಿಸಿಕೊಂಡೇ ಕೆಲಸ ಕಲಿತವರು ನಾವು.

ಇಂತಿ ತಮ್ಮ ವಿಶ್ವಾಸಿ,
ಪುರವಣಿಯ ಬಹುಕಾಲದ ಓದುಗ